ದೊಡ್ಡವನು, ಚಿಕ್ಕವನು ಮತ್ತು ನಮ್ಮ ಭಾವನ ವಂಶ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾಡಿದವರು ಯಾರೋ ಗೊತ್ತಿಲ್ಲ. ಅವರಿಗೆ ಸ್ವಂತ ಹಾಸಿಗೆ ಅಂಗಡಿ ಇರಲಿಲ್ಲ ಎಂಬುದು ಮಾತ್ರ ಖಂಡಿತ. ನಮ್ಮ ಭಾವನಿಗೆ ಇದೆ. ಅಂಗಡಿ ತುಂಬ ಹಾಸಿಗೆ ಇರುವ ಮನುಷ್ಯ ಕಾಲನ್ನು ಎಲ್ಲಿಗೆ ಬೇಕಾದರೂ ಚಾಚಬಹುದು. ಭಾವ ಚಾಚಿದ್ದು ಮೂರು ತಲೆಮಾರು ಹಿಂದಕ್ಕೆ.

ನಾನು ಭಾವನ ಮನೆಯಲ್ಲೇ ಇರುವವನು. ಅಕ್ಕ ಮದುವೆಯಾಗಿ ಬಂದಾಗ ಅವಳ ಪೆಟ್ಟಿಗೆ ಹೊತ್ತುಕೊಂಡು ಬಂದೆ. ಪೆಟ್ಟಿಗೆ ಇಳಿಸಿದ ಮೇಲೆ ವಾಪಸು ಹೊರಡಲು ಸರಿಯಾದ ಸಂದರ್ಭ ಇನ್ನೂ ಒದಗಿ ಬಂದಿಲ್ಲ. ಮನೆಯ ಆಗುಹೋಗುಗಳನ್ನು ಹತ್ತಿರದಿಂದ ಗಮನಿಸಿ ಅಭಿಪ್ರಾಯ ಕೊಡುವುದು ನನ್ನ ಹೊಣೆ. ಇದನ್ನು ನನಗೆ ಯಾರೂ ಒಪ್ಪಿಸಿದ್ದಲ್ಲ, ನಾನೇ ಹೊತ್ತದ್ದು.

ಎಲ್ಲ ಶುರುವಾದದ್ದು ಜನಗಣತಿಯಿಂದ. ಒಂದು ಭಾನುವಾರ ಬೆಳಿಗ್ಗೆ ಗಣತಿಯ ಟೀಚರ್ ಬಂದರು. ಈ ಸುತ್ತಿನಲ್ಲಿ ಬರೀ ಮನೆಯ ಲೆಕ್ಕ, ಗೋಡೆ ಎಂಥದು, ಚಾವಣಿ ಎಂಥದು, ನಲ್ಲಿ ಎಲ್ಲಿದೆ ಇಷ್ಟೇ. ಜನರ ಲೆಕ್ಕಕ್ಕೆ ಇನ್ನೊಮ್ಮೆ ಬರುತ್ತೇನೆ ಎಂದರು. ಅಷ್ಟು ಬರೆದುಕೊಂಡು ಹೋಗಿದ್ದರೆ ನನಗೆ ಈ ಕಥೆ ಬರೆಯುವ ಶ್ರಮ ತಪ್ಪುತ್ತಿತ್ತು. ಹೋಗುವಾಗ ಒಂದು ಮಾತು ಆಡಿದರು.

"ನಿಮ್ಮ ಎದುರು ಮನೆ ವಕೀಲರ ಹಜಾರದಲ್ಲಿ ಅವರ ಮುತ್ತಾತನ ಚಿತ್ರ ಇದೆಯಲ್ಲ, ನೋಡಿದ್ದೀರಾ? ಅಬ್ಬಾ, ಏನು ಮೀಸೆ! ಕೈಯಲ್ಲಿ ಕತ್ತಿ ಬೇರೆ!"

ಭಾವನಿಗೆ ಆ ಮೀಸೆಯನ್ನು ಕಂಡರೆ ಮೊದಲಿನಿಂದಲೂ ಆಗದು. ನಮ್ಮ ಬಾಗಿಲು ತೆರೆದರೆ ಅದು ನೆಟ್ಟಗೆ ನಮ್ಮನ್ನೇ ನೋಡುತ್ತದೆ. "ಕತ್ತಿಯಿಂದ ಹೊಟ್ಟೆ ತುಂಬುತ್ತಾ ಮೇಡಂ?" ಎಂದ. "ನಮ್ಮ ಮುತ್ತಾತ ಬೇಸಾಯಗಾರ. ಈ ಬೀದಿ ಇದೆಯಲ್ಲ, ಈ ಬೀದಿಗೆ ಬೀದಿಯೇ ಅವರ ಹೊಲ. ನೀವೀಗ ನಿಂತಿದ್ದೀರಲ್ಲ, ಅದು ಅವರು ಉತ್ತ ನೆಲ!"

ಟೀಚರ್ ಗಾಬರಿಯಾಗಿ ಕಾಲೆತ್ತಿ ನೋಡಿಕೊಂಡರು.

ನಿಜ ಹೇಳಬೇಕೆಂದರೆ ಮುತ್ತಾತನ ಬಗ್ಗೆ ಭಾವನಿಗೆ ಗೊತ್ತಿದ್ದದ್ದು ಎರಡೇ: ಆತ ಹೊಲ ಮಾಡುತ್ತಿದ್ದ, ಆ ಹೊಲದಲ್ಲಿ ಮಾರಿ ಉಳಿದ ತುಂಡಿನ ಮೇಲೆ ನಮ್ಮ ಮನೆಯೂ ಅಂಗಡಿಯೂ ನಿಂತಿವೆ. ಮಿಕ್ಕ ಬೀದಿಯನ್ನೆಲ್ಲ ಭಾವ ಆ ಕ್ಷಣದಲ್ಲೇ ಉತ್ತದ್ದು.

ವಕೀಲರ ಕಿಟಕಿ ತೆರೆದಿತ್ತು. ಅವರು ನಮ್ಮ ಬೀದಿಯ ಸಂಘದ ಅಧ್ಯಕ್ಷರೂ ಹೌದು. ಸಂಜೆಗೇ ರಸ್ತೆ ದಾಟಿ ಅಂಗಡಿಗೆ ಬಂದು ಪ್ರದರ್ಶನಕ್ಕಿಟ್ಟ ಹಾಸಿಗೆಯ ಮೇಲೆ ಕೂತರು. "ಏನೋ ಬೀದಿಯೆಲ್ಲ ನಿಮ್ಮದೇ ಅಂದ್ರಂತೆ? ಒಳ್ಳೇದೇ ಆಯ್ತು. ಮೂರನೇ ಅಡ್ಡರಸ್ತೆ ಅನ್ನೋದು ಸಾಕು, ಒಂದು ಹೆಸರು ಕಳಿಸಿ ಅಂತ ಪುರಸಭೆಯವರು ಕೇಳಿದ್ದಾರೆ. ನಮ್ಮ ಮುತ್ತಾತನ ಹೆಸರು ಕಳಿಸೋಣ ಅಂತಿದ್ದೆ. ನಿಮ್ಮ ಮುತ್ತಾತ ಇಲ್ಲೇ ಬೇಸಾಯ ಮಾಡಿದ್ದಕ್ಕೆ ದಾಖಲೆ ತನ್ನಿ, ಅವರದ್ದೇ ಇಡೋಣ. ಬಾಯಿಮಾತು ಮಾತ್ರ ನಡೆಯಲ್ಲ."

"ತರ್ತೀನಿ," ಎಂದ ಭಾವ. ಆ ಮಾತಿನಲ್ಲಿ ಎಷ್ಟು ಧೈರ್ಯವಿತ್ತೆಂದರೆ ನನಗೆ ಆಗಲೇ ಭಯವಾಯಿತು.

ಮುತ್ತಾತನನ್ನು ಕಣ್ಣಾರೆ ಕಂಡವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು, ಭಾವನ ಸೋದರತ್ತೆ. ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಅವರನ್ನು ಕೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಭಾವ ಒಮ್ಮೆ ಅವರಿಗೆ ಉಡುಗೊರೆ ಎಂದು ಒಂದು ಹಾಸಿಗೆ ಕಳಿಸಿದ್ದ. "ಇದರ ಬದಲು ನಾಲ್ಕು ಕಲ್ಲು ಕಳಿಸಿದ್ದರೆ ಒಲೆಯನ್ನಾದರೂ ಹೂಡುತ್ತಿದ್ದೆ" ಎಂದು ಅತ್ತೆ ವಾಪಸು ಕಳಿಸಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹೀಗಾಗಿ ನಾವು ಹಳೆಯ ದಾಖಲೆಗಳ ಕಚೇರಿಗೆ ಹೋದೆವು.

ಅಲ್ಲಿ ಸೂರಿನವರೆಗೆ ಕಬ್ಬಿಣದ ಕಪಾಟುಗಳು, ನುಸಿಗುಳಿಗೆಯ ವಾಸನೆ, ಗಾಳಿಗೆ ಹಾಳೆ ಹಾರದಿರಲೆಂದು ಹಗ್ಗ ಕಟ್ಟಿ ನಿಲ್ಲಿಸಿದ ಫ್ಯಾನು. ಇವೆಲ್ಲದರ ನಡುವೆ ಬಿಳಿ ಕೈಗವಸು ಹಾಕಿದ ದಾಖಲೆ ಮೇಡಂ ಕೂತಿದ್ದರು. ನಮ್ಮನ್ನು ನೋಡಿದ ಕೂಡಲೇ, "ಸೀನು ಬಂದ್ರೆ ಹೊರಗೆ ಹೋಗಿ ಸೀನಿ. ಹೋದ ವಾರ ಒಬ್ಬರು ಇಲ್ಲೇ ಸೀನಿದ್ರು, ಒಂದು ಊರೇ ಹಾರಿಹೋಯ್ತು," ಎಂದರು.

ಭಾವ ಮೂಗು ಹಿಡಿದುಕೊಂಡೇ ಮನೆಯ ಹಳೇ ಪತ್ರ ಕೊಟ್ಟ. ಮೇಡಂ ಒಳಗೆ ಹೋಗಿ, ಅಂಗೈ ಮೇಲೆ ಕೂಸನ್ನು ಹೊತ್ತ ಹಾಗೆ ಒಂದು ಗಣತಿ ಪುಸ್ತಕ ತಂದರು. ಮುತ್ತಾತನ ಹೆಸರು, ಹೊಲದ ನಂಬರು ಎರಡೂ ತಾಳೆಯಾದವು. ಮೇಡಂ ಓದಿದರು:

"ಮನೆಯ ಯಜಮಾನ, ಕಸುಬು ಬೇಸಾಯ. ಹೆಂಡತಿ, ಕಸುಬು ಬೇಸಾಯ. ದೊಡ್ಡವನು, ವಯಸ್ಸು ಏಳು, ಕಸುಬು ಬೇಸಾಯ. ಚಿಕ್ಕವನು, ವಯಸ್ಸು ಆರು, ಕಸುಬು ಬೇಸಾಯ. ಇಬ್ಬರಿಗೂ ಓದು ಬರಹ ಇಲ್ಲ. ಇಬ್ಬರೂ ಅವಿವಾಹಿತರು."

ಭಾವನ ಕಣ್ಣು ತುಂಬಿ ಬಂತು. "ಏಳು ವರ್ಷದ ಮಗು ಕಣಯ್ಯಾ! ನೇಗಿಲು ಹಿಡಿದಿದೆ! ನಮ್ಮ ವಂಶ ಅಂದ್ರೆ ಏನು ಅಂದ್ಕೊಂಡಿದ್ದೀಯಾ!"

"ಅದು ಸರಿ ಭಾವ, ಇದರಲ್ಲಿ ನಿಮ್ಮ ತಾತ ಎಲ್ಲಿ?"

"ಆಮೇಲೆ ಹುಟ್ಟಿರ್ತಾರೆ ಬಿಡು. ಒಳ್ಳೆ ಹೊತ್ತಲ್ಲಿ ಅಡ್ಡ ಮಾತಾಡಬೇಡ."

"ಆ ಕಾಲದಲ್ಲಿ ಜನರ ಪುಸ್ತಕ ಬೇರೆ, ಜಾನುವಾರು ಪುಸ್ತಕ ಬೇರೆ ಇತ್ತು," ಎಂದರು ಮೇಡಂ. "ಅದನ್ನೂ ತೆಗೀಲಾ?"

"ದನ ಕಟ್ಕೊಂಡು ನನಗೇನಾಗಬೇಕು ಮೇಡಂ? ನನಗೆ ಬೇಕಾಗಿರೋದು ವಂಶ!" ಎಂದು ಭಾವ ನಕಲಿಗೆ ಮೊಹರು ಹಾಕಿಸಿಕೊಂಡು ಎದ್ದ.

ಅಂದಿನಿಂದ ನಮ್ಮ ಬೀದಿಯಲ್ಲಿ ಆರೇಳು ವರ್ಷದ ಮಕ್ಕಳಿಗೆ ಉಳಿಗಾಲವಿಲ್ಲದಂತಾಯಿತು. ಗೋಲಿ ಆಡುವವರನ್ನು ಭಾವ ನಿಲ್ಲಿಸಿ, "ನಾಚಿಕೆ ಆಗಲ್ವೇನೋ? ನಿನ್ನ ವಯಸ್ಸಿಗೆ ನಮ್ಮ ದೊಡ್ಡ ತಾತ ಹೊಲ ಉತ್ತಿದ್ದರು!" ಎನ್ನುತ್ತಿದ್ದ. ಮಕ್ಕಳು ಅಂಗಡಿಯ ಮುಂದೆ ಬರುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಸ್ಕೂಲಿಗೆ ಹೋಗತೊಡಗಿದವು. ಊಟಕ್ಕೆ ಕೂತಾಗ ಅದೇ ಉಪದೇಶ ನನ್ನ ಕಡೆಗೂ ತಿರುಗುತ್ತಿತ್ತು. "ಆರು ವರ್ಷದ ಕೂಸು ದುಡಿದು ತಿಂದಿದೆ, ಕೆಲವರು..." ಎಂದು ಭಾವ ಅರ್ಧಕ್ಕೆ ನಿಲ್ಲಿಸುತ್ತಿದ್ದ. ಮಿಕ್ಕರ್ಧವನ್ನು ಅಕ್ಕ ಪಾತ್ರೆ ಕುಕ್ಕಿ ಪೂರೈಸುತ್ತಿದ್ದಳು. ನಾನು ಸಣ್ಣ ಮಾತಿಗೆ ತಲೆ ಕೆಡಿಸಿಕೊಳ್ಳುವವನಲ್ಲ, ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದೆ.

ದಾಖಲೆ ನೋಡಿ ವಕೀಲರು ಬಾಯಿ ಮುಚ್ಚಿದರು. ಅವರ ಮುತ್ತಾತನಿಗೆ ಮೀಸೆ ಇತ್ತೇ ಹೊರತು ದಾಖಲೆ ಇರಲಿಲ್ಲ. ಸಂಘದವರು ಒಪ್ಪಿದರು. 'ದೊಡ್ಡವನು-ಚಿಕ್ಕವನು ರಸ್ತೆ' ಎಂಬ ಬೋರ್ಡೂ ಅದರ ಪಕ್ಕದಲ್ಲಿ ಒಂದು ಚಿತ್ರವೂ ತಯಾರಾಗಬೇಕೆಂದು ತೀರ್ಮಾನವಾಯಿತು. ಬೋರ್ಡು ಬರೆಯುವ ಪೇಂಟರ್ ಬಂದು ಕೇಳಿದ, "ಹುಡುಗರು ಉಳೋ ಚಿತ್ರ ಅಂದ್ರಿ. ಮುಂದೆ ಜೋಡಿ ಎತ್ತು ಬರೀಲಾ ಸಾರ್?"

"ಬೇಡ," ಎಂದ ಭಾವ. "ಎತ್ತು ಬರೆದ್ರೆ ಜನ ಎತ್ತನ್ನೇ ನೋಡ್ತಾರೆ. ಹುಡುಗರೇ ನೇಗಿಲು ಎಳೆಯೋ ಹಾಗೆ ಬರೀಪ್ಪಾ. ವೀರಾವೇಶ ಬರಬೇಕು."

ಪೇಂಟರ್ ವೀರಾವೇಶ ಬರೆದ. ಎರಡು ಗುಂಡುಗುಂಡಾದ ಮಕ್ಕಳು ಹೆಗಲ ಮೇಲೆ ನೊಗ ಹೊತ್ತು, ಮೂಗರಳಿಸಿ, ಕಣ್ಣು ಕೆಕ್ಕರಿಸಿ ನೇಗಿಲು ಎಳೆಯುತ್ತಿದ್ದವು.

ಇಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ಭಾವ ಪತ್ರಿಕೆಗೆ ಒಂದು ಜಾಹೀರಾತು ಕೊಟ್ಟ: 'ಇಂಥ ರೈತರ ಮಕ್ಕಳಾದ ದೊಡ್ಡವನು, ಚಿಕ್ಕವನು ಇವರ ವಂಶಸ್ಥರು ಎಲ್ಲಿದ್ದರೂ ಬರಬೇಕು. ಸಮಾರಂಭದಲ್ಲಿ ಗೌರವಿಸಲಾಗುವುದು.'

ಮೂರನೇ ದಿನ ಒಬ್ಬರು ಬಂದರು. ನಿವೃತ್ತ ಬಸ್ ಕಂಡಕ್ಟರು. ಬಗಲಿನಲ್ಲಿ ಚರ್ಮದ ಚೀಲ ಇನ್ನೂ ಇತ್ತು. ನಡುಮನೆಯಲ್ಲಿ ನಾವು ಮೂರೇ ಜನ ಇದ್ದರೂ, "ಸ್ವಲ್ಪ ಮುಂದೆ ಸರೀರಿ, ಒಳಗೆ ಜಾಗ ಇದೆ," ಎನ್ನುತ್ತಾ ಬಂದು ಕೂತರು.

"ದೊಡ್ಡವನ ಮೊಮ್ಮಗ ನಾನು," ಎಂದರು. "ನಮ್ಮ ತಾತನ್ನ ಊರೆಲ್ಲ ದೊಡ್ಡವನು ಅಂತಲೇ ಕರೀತಿತ್ತು. ಎಲ್ಲಿಂದ ಬಂದರು ಅಂತ ಕೊನೇವರೆಗೂ ಹೇಳಲಿಲ್ಲ. ಮಾತೇ ಕಮ್ಮಿ. ಏನು ಕೇಳಿದರೂ ತಲೆ ಆಡಿಸ್ತಿದ್ರು, ಅಷ್ಟೆ."

"ಹೌದೌದು!" ಎಂದ ಭಾವ, ತಾನೇ ಕಂಡವನಂತೆ. "ನಮ್ಮ ವಂಶದಲ್ಲಿ ಮಾತು ಕಮ್ಮಿ!"

"ಹೆಗಲ ಮೇಲೆ ಇಷ್ಟು ದಪ್ಪ ಗಂಟು ಇತ್ತು, ಭಾರ ಹೊತ್ತು ಹೊತ್ತು."

"ಏಳನೇ ವಯಸ್ಸಿಂದ ಹೊತ್ತ ನೊಗ ಅಣ್ಣಾ! ಗಂಟಾಗದೆ ಇರುತ್ತಾ?"

"ಎದುರಿಗೆ ಕೆಂಪು ಬಟ್ಟೆ ಕಂಡ್ರೆ ಮಾತ್ರ ರೇಗ್ತಿದ್ರು."

ಇಬ್ಬರೂ ಅಪ್ಪಿಕೊಂಡರು. ಭಾವ ಅತ್ತ. ಕಂಡಕ್ಟರು ಚೀಲದಿಂದ ಕರವಸ್ತ್ರ ತೆಗೆದು ಕೊಟ್ಟರು. ಊಟವಾಯಿತು. ಕೈ ತೊಳೆದು ಬಂದ ಕಂಡಕ್ಟರು ಮನೆಯನ್ನೆಲ್ಲ ಒಂದು ಸುತ್ತು ನೋಡಿ ಕೇಳಿದರು: "ತಮ್ಮಾ, ನನ್ನ ಪಾಲು ಯಾವ ಕಡೆಯಿಂದ?"

"ಯಾವ ಪಾಲು ಅಣ್ಣಾ?"

"ಇದು ಮುತ್ತಾತನ ಜಾಗ ಅಲ್ವಾ? ಹಿರೀ ಮಗನ ಮೊಮ್ಮಗ ನಾನು. ಆ ಕಿಟಕಿಯಿಂದ ಹಿಂದಕ್ಕೆ ನನಗಿರಲಿ. ಸದ್ಯಕ್ಕೆ ಈ ಕೋಣೆ ಸಾಕು."

ಅದು ನನ್ನ ಕೋಣೆ. ಅವರು ಆಗಲೇ ನನ್ನ ಮಂಚದ ಮೇಲೆ ಚೀಲ ಇಟ್ಟಾಗಿತ್ತು. ಅದುವರೆಗೆ ಭಾವನ ವಂಶದ ವಿಷಯದಲ್ಲಿ ನನಗೆ ಬರೀ ಕುತೂಹಲವಿತ್ತು. ಆವತ್ತಿನಿಂದ ನಿಜವಾದ ಕಾಳಜಿ ಹುಟ್ಟಿತು.

"ಕರೆಸಿಕೊಂಡ್ರಲ್ಲ, ಈಗ ಗೌರವಿಸಿ!" ಎಂದು ಅಕ್ಕ ಒಳಗೆ ಹೋದವಳು ಭಾವನ ಜೊತೆ ಮಾತು ಬಿಟ್ಟಳು. ಭಾವ ಓಡಿ ವಕೀಲರ ಮನೆಗೆ ಹೋದ. ಅವರು ಮುತ್ತಾತನ ಮೀಸೆಯ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ನಾನು ನಿಮ್ಮ ಕೇಸು ಹಿಡಿಯೋ ಹಾಗಿಲ್ಲ. ಬೆಳಿಗ್ಗೆಯೇ ಕಂಡಕ್ಟರ ಕೇಸು ಹಿಡಿದಿದ್ದೀನಿ. ಇಷ್ಟಕ್ಕೂ ಅರ್ಧ ಪಾಲಿನ ಚಿಂತೆ ನಿಮಗೆ ಯಾಕೆ? ನಿಮ್ಮ ಅಂಗಡಿ ಗೋಡೇಲಿ ತಾತನ ಫೋಟೋ ಇದೆ, ಅದರ ಕೆಳಗೆ ಹುಟ್ಟಿದ ವರ್ಷವೂ ಇದೆ. ಲೆಕ್ಕ ಹಾಕಿದೆ. ಈ ಗಣತಿ ಆದಾಗ ನಿಮ್ಮ ತಾತನಿಗೆ ಇಪ್ಪತ್ತು ವರ್ಷ. ಆ ಮನೇಲಿ ಇಪ್ಪತ್ತು ವರ್ಷದವನು ಯಾರೂ ಇಲ್ಲ. ದೊಡ್ಡವನಿದ್ದಾನೆ, ಚಿಕ್ಕವನಿದ್ದಾನೆ, ನಿಮ್ಮ ತಾತ ಮಾತ್ರ ಇಲ್ಲ. ನೀವೇ ಮೊಹರು ಹಾಕಿಸಿ ತಂದ ದಾಖಲೆ ಪ್ರಕಾರ ಆ ಮನೆಗೂ ನಿಮಗೂ ಸಂಬಂಧವೇ ಇಲ್ಲವಲ್ಲ ಸ್ವಾಮಿ! ಇಷ್ಟು ದಿನ ಯಾರ ಮನೇಲಿ ಇದ್ರಿ?"

ಭಾವ ರಸ್ತೆ ದಾಟಿ ಬಂದವನು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲು ಒಂದು ಕ್ಷಣ ಹಿಂಜರಿದ. ಹುಟ್ಟಿ ಬೆಳೆದ ಮನೆಯ ಹೊಸ್ತಿಲಲ್ಲಿ ಮನುಷ್ಯ ಹಾಗೆ ನಿಂತದ್ದನ್ನು ನೋಡಿ ನನಗೆ ನಿಜವಾಗಿ ಅಯ್ಯೋ ಅನ್ನಿಸಿತು. ಅಂಗಡಿಗೆ ಹೋಗಿ ತಾತನ ಫೋಟೋದ ಮುಂದೆ ಕೂತ. ಅದೊಂದೇ ಫೋಟೋ ಇದ್ದದ್ದು, ಅದರಲ್ಲೂ ತಾತ ಕಣ್ಣು ಮುಚ್ಚಿದ್ದರು. ಫೋಟೋದವನ ತಪ್ಪು ಎಂದು ಭಾವ ಯಾವಾಗಲೂ ಹೇಳುತ್ತಿದ್ದ. "ಯಾರು ನೀನು?" ಎಂದು ಆವತ್ತು ಅದನ್ನೇ ಕೇಳಿದ. ತಾತ ಕಣ್ಣು ತೆರೆಯಲಿಲ್ಲ.

ಸಮಾರಂಭದ ದಿನ ಬಂತು. ನಿಲ್ಲಿಸುವ ಹಾಗಿರಲಿಲ್ಲ, ವಕೀಲರೇ ಬಿಡಲಿಲ್ಲ. ಅಂಗಡಿಯ ಮುಂದೆ ಜನ ಸೇರಿದರು. ಕುರ್ಚಿ ಸಾಲದೆ ಹಾಸಿಗೆಗಳನ್ನು ಹಾಕಿದ್ದೆವು. ಮುಂದಿನ ಸಾಲಿನ ಇಬ್ಬರು ಸ್ವಾಗತ ಭಾಷಣಕ್ಕೇ ನಿದ್ದೆ ಹೋದರು. ಗೌರವದ ಕುರ್ಚಿಯಲ್ಲಿ ಕಂಡಕ್ಟರು. ಭಾವನಿಗೆ ಜಾಗ ಕೊನೆಯ ಸಾಲಿನಲ್ಲಿ, ನನ್ನ ಪಕ್ಕ. ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಕೋಲೂರಿಕೊಂಡು ಅತ್ತೆ ಇಳಿದರು. ಭಾವನಿಗೆ ತಿಳಿಯದ ಹಾಗೆ ಅಕ್ಕ ಹೇಳಿಕಳಿಸಿದ್ದಳು.

ಪರದೆ ಎಳೆದರು. ನೊಗ ಹೊತ್ತ ಎರಡು ಮಕ್ಕಳು ಜನರನ್ನು ಕೆಕ್ಕರಿಸಿ ನೋಡಿದವು. ಅತ್ತೆ ಹತ್ತಿರ ಹೋಗಿ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಯಾರೋ ಈ ಪಾಪದ ಮಕ್ಕಳು? ಇವಕ್ಕೆ ಯಾಕೋ ನೊಗ ಕಟ್ಟಿದ್ದೀರಾ?"

"ಇವರೇ ಅಮ್ಮಾ ನಿಮ್ಮ ದೊಡ್ಡವನು, ಚಿಕ್ಕವನು," ಎಂದರು ವಕೀಲರು.

"ದೊಡ್ಡೋನಾ? ಚಿಕ್ಕೋನಾ?" ಅತ್ತೆ ಕೋಲು ಬಿಟ್ಟು ನಗಲು ಶುರು ಮಾಡಿದರು. ಅಕ್ಕ ಹಿಡಿದುಕೊಳ್ಳದಿದ್ದರೆ ಬಿದ್ದೇ ಹೋಗುತ್ತಿದ್ದರು. "ಅಯ್ಯೋ ನಿಮ್ಮ ಮನೆ ಕಾಯ! ಚಿಕ್ಕೋನ ಬಾಲ ಹಿಡ್ಕೊಂಡು ನಡೆಯೋದು ಕಲಿತೋಳು ಕಣ್ರೋ ನಾನು! ಅವು ನಮ್ಮ ತಾತನ ಎತ್ತು!"

ನಿದ್ದೆ ಮಾಡುತ್ತಿದ್ದ ಇಬ್ಬರೂ ಎದ್ದು ಕೂತರು.

ಅತ್ತೆಗೆ ಆ ಕಥೆ ಅವರ ತಾತನೇ ಹೇಳಿದ್ದಂತೆ. ಗಣತಿಯವನು ಕೆಸರಿಗೆ ಹೆದರಿ ಬದುವಿನ ಮೇಲೆಯೇ ನಿಂತು ಕೂಗಿ ಕೇಳಿದನಂತೆ, 'ಮನೇಲಿ ದುಡಿಯೋರು ಯಾರ್ಯಾರಯ್ಯಾ?' ತಾತ ಉಳುತ್ತಲೇ, 'ನಾನು, ನನ್ನ ಹೆಂಡ್ತಿ, ದೊಡ್ಡೋನು, ಚಿಕ್ಕೋನು' ಎಂದನಂತೆ. ಆತನಿಗೆ ದುಡಿಯುವವರೇ ಮನೆಯವರು.

"ಬಾಯಿಮಾತು ನಡೆಯಲ್ಲ," ಎಂದರು ವಕೀಲರು. ಆದರೆ ಧ್ವನಿ ಸ್ವಲ್ಪ ಇಳಿದಿತ್ತು. "ಹಾಗಾದ್ರೆ ಇವರ ತಾತ, ಅಂದ್ರೆ ನಿಮ್ಮಪ್ಪ, ಯಾವ ಪುಸ್ತಕದಲ್ಲಿದ್ದಾರೆ?"

ನನಗೆ ಥಟ್ಟನೆ ಹೊಳೆಯಿತು. "ಭಾವ, ಜಾನುವಾರು ಪುಸ್ತಕ!" ಎಂದೆ. ಈ ಕಥೆಯಲ್ಲಿ ನಾನು ಮಾಡಿದ ಕೆಲಸ ಅದೊಂದೇ, ಅದನ್ನು ಆಮೇಲೆ ಯಾರೂ ನೆನೆಯಲಿಲ್ಲ.

ಬೀದಿಗೆ ಬೀದಿಯೇ ದಾಖಲೆ ಕಚೇರಿಗೆ ನುಗ್ಗಿತು. ಮೇಡಂ ಎಲ್ಲರಿಗೂ ಮೂಗು ಹಿಡಿದುಕೊಳ್ಳಲು ಹೇಳಿ ಪುಸ್ತಕ ತಂದರು.

"ಎತ್ತು, ಇಲ್ಲ. ಹಸು, ಇಲ್ಲ. ಕೂತು ತಿನ್ನುವ ಜಾನುವಾರು, ಒಂದು," ಎಂದು ಓದಿ ತಡೆದರು. "ಷರಾ ಬೇರೆ ಇದೆ: 'ವಯಸ್ಸು ಇಪ್ಪತ್ತು. ಕೆಲಸಕ್ಕೆ ಬಾರದ್ದು. ಜಗಲಿಯ ಮೇಲೆ ಮಲಗಿರುತ್ತದೆಂದು ಯಜಮಾನನ ಹೇಳಿಕೆ.'"

"ನಮ್ಮಪ್ಪನೇ!" ಎಂದರು ಅತ್ತೆ, ಸಂತೋಷದಿಂದ. "ಅದೇ ಜಗಲಿ!"

ಎಲ್ಲರೂ ಮೂಗು ಹಿಡಿದುಕೊಂಡೇ ನಕ್ಕರು. ಆ ಸದ್ದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ವಕೀಲರು ಮಾತ್ರ ನಗಲಿಲ್ಲ, ಭಾವನ ಮುಂದೆ ಒಂದು ಹಾಳೆ ಚಾಚಿದರು. "ಹಾಗಾದ್ರೆ ಬರೆದು ಸಹಿ ಹಾಕಿ: 'ಜಾನುವಾರು ಪುಸ್ತಕದಲ್ಲಿರುವ ಕೆಲಸಕ್ಕೆ ಬಾರದ ಪ್ರಾಣಿಯೇ ನನ್ನ ತಾತ.' ಮನೆ ನಿಮ್ಮದು. ಇಲ್ಲದಿದ್ರೆ ಇಲ್ಲ."

ಭಾವ ಪೆನ್ನು ಹಿಡಿದ, ಬರೆಯಲಿಲ್ಲ. ಬೀದಿಯೆಲ್ಲ ನೋಡುತ್ತಿತ್ತು. ಮಕ್ಕಳ ಮುಂದೆ ವಂಶ ಹೇಳಿಕೊಂಡು ಮೆರೆದ ಮನುಷ್ಯ. ಕಿವಿ ಕೆಂಪಾಗಿತ್ತು.

ಅತ್ತೆ ಅವನ ಬೆನ್ನ ಮೇಲೆ ಕೈಯಿಟ್ಟರು. "ಲೋ, ಪೂರ್ತಿ ಕೇಳು. ಮಲಗಿ ಮಲಗಿ ನಮ್ಮಪ್ಪನಿಗೆ ಒಂದು ವಿಷಯ ಗೊತ್ತಾಗಿತ್ತು, ಬೆನ್ನಿಗೆ ಏನು ಹಿತ, ಏನು ಚುಚ್ಚುತ್ತೆ ಅಂತ. ಉತ್ತು ಉತ್ತು ತಾತನ ಬೆನ್ನು ಬಿದ್ದುಹೋಯ್ತು, ರಾತ್ರಿಯೆಲ್ಲ ನರಳೋನು. ಆಗ ನಮ್ಮಪ್ಪ ಹತ್ತಿ ತುಂಬಿ ತನ್ನ ಕೈಯಾರೆ ಒಂದು ಹಾಸಿಗೆ ಹೊಲಿದ. ತಾತ ಅದರ ಮೇಲೆ ಬೆಳಗಿನವರೆಗೂ ನಿದ್ದೆ ಮಾಡಿ, ಎದ್ದು ಏನಂದ ಗೊತ್ತಾ? 'ನಮ್ಮ ದನ ಕೊನೆಗೂ ಒಂದು ಕೆಲಸ ಮಾಡ್ತು ಕಣೇ' ಅಂದ. ಅಲ್ಲಿಂದ ಶುರುವಾಗಿದ್ದು ನಿನ್ನ ಅಂಗಡಿ. ನೀನು ಕಳಿಸಿದ ಕಲ್ಲುಹಾಸಿಗೆ ನೋಡಿದ್ರೆ ನಮ್ಮಪ್ಪ ಅತ್ತುಬಿಡ್ತಿದ್ದ."

ಭಾವ ಅತ್ತೆಯ ಮುಖ ನೋಡಿದ. ಆಮೇಲೆ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಸಹಿ ಹಾಕಿ, ಎದ್ದು ನಿಂತು ಕಚೇರಿ ನಡುಗುವಂತೆ ಕೂಗಿದ: "ವಕೀಲರೇ! ನಾನು ಕೆಲಸಕ್ಕೆ ಬಾರದ ಜಾನುವಾರಿನ ಮೊಮ್ಮಗ! ದಾಖಲೆ ಇದೆ! ನಿಮ್ಮ ಮೀಸೆಗೆ ಇದೆಯೇನ್ರೀ?"

"ಆ ಮೀಸೆ ನಾನೇ ಬರೆದಿದ್ದು," ಎಂದ ಪೇಂಟರ್ ಹಿಂದಿನಿಂದ. "ಮುಖ ಹೇಗಿತ್ತೋ ಗೊತ್ತಿಲ್ಲ, ಮೀಸೆ ಮಾತ್ರ ದೊಡ್ಡದಾಗಿರಲಿ ಅಂದಿದ್ರು ವಕೀಲರು."

ವಕೀಲರು ಅವಸರವಾಗಿ ಕಂಡಕ್ಟರ ಕಡೆ ತಿರುಗಿದರು. "ನೀವೇನ್ರೀ ಹೇಳ್ತೀರಾ? ದೊಡ್ಡವನ ಮೊಮ್ಮಗ ಅಂತ ಪ್ರಮಾಣಪತ್ರ ಬರೆದುಕೊಟ್ಟಿದ್ದೀರಿ. ಈಗಲೂ ಅದೇ ಮಾತಾ?"

ಕಂಡಕ್ಟರು ಚೀಲ ಬಗಲಿಗೇರಿಸಿದರು. "ಬಸ್ಸು ತಪ್ಪಿ ಹತ್ತಿದ್ದೀನಿ ಅನ್ಸುತ್ತೆ. ಇಲ್ಲೇ ಇಳ್ಕೋತೀನಿ," ಎಂದರು. ಭಾವ ಅವರನ್ನು ಹಾಗೇ ಕಳಿಸಲಿಲ್ಲ, ಊಟ ಹಾಕಿಸಿ, ಒಂದು ದಿಂಬು ಕೊಟ್ಟು ಕಳಿಸಿದ. ನನ್ನ ಮಂಚ ನನಗೆ ಸಿಕ್ಕಿತು.

ಬೋರ್ಡನ್ನು ಬದಲಾಯಿಸಲಿಲ್ಲ. ಈ ನೆಲವನ್ನು ಉತ್ತವರು ಅವರಿಬ್ಬರೇ ಎಂಬುದಕ್ಕೆ ಸರಕಾರದ ಮೊಹರಿತ್ತು. ಪೇಂಟರ್ ಬಂದು ಆ ಇಬ್ಬರು ಮಕ್ಕಳಿಗೂ ಜೋಡಿ ಕೊಂಬು, ಒಂದೊಂದು ಬಾಲ ಬರೆದುಕೊಟ್ಟು ಹೋದ. ಬೀದಿಯ ಮಕ್ಕಳು ಮತ್ತೆ ಅಂಗಡಿಯ ಮುಂದೆಯೇ ಗೋಲಿ ಆಡುತ್ತವೆ. ಅತ್ತೆಗೆ ಭಾವ ತಾನೇ ಹತ್ತಿ ಬಿಡಿಸಿ ಒಂದು ಹಾಸಿಗೆ ಹೊಲಿದು ಕಳಿಸಿದ. ಅದು ಇನ್ನೂ ವಾಪಸು ಬಂದಿಲ್ಲ.

ಸ್ವಲ್ಪ ದಿನಕ್ಕೆ ಗಣತಿಯ ಟೀಚರ್ ಜನರ ಲೆಕ್ಕಕ್ಕೆ ಬಂದರು. ನಡುಮನೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿದರು. ಭಾವ, ಹಾಸಿಗೆ ವ್ಯಾಪಾರ. ಅಕ್ಕ, ಮನೆಯ ಕೆಲಸ, ಅಂಗಡಿಯ ಲೆಕ್ಕ, ದಿಂಬಿನ ಹೊಲಿಗೆ. ಆಮೇಲೆ ಟೀಚರ್ ಪೆನ್ನನ್ನು ನನ್ನ ಕಡೆ ತಿರುಗಿಸಿದರು. ನಾನು ಆಗಷ್ಟೇ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದಿದ್ದೆ.

"ಇವರೇನು ಮಾಡ್ತಾರೆ?"

"ಮುಖ್ಯವಾಗಿ ಗಮನಿಸೋದು," ಎಂದು ನಾನು ಶುರು ಮಾಡಿದೆ. "ಆಮೇಲೆ ಸಂದರ್ಭ ನೋಡಿ ಅಭಿಪ್ರಾಯ..."

ಭಾವನೂ ಅಕ್ಕನೂ ಮುಖ ಮುಖ ನೋಡಿಕೊಂಡರು. ಎಷ್ಟೋ ದಿನದ ಮೇಲೆ ಗಂಡ ಹೆಂಡಿರು ಒಂದೇ ಮನಸ್ಸಿನಿಂದ ನಕ್ಕದ್ದು ಆಗಲೇ.

"ಮೇಡಂ," ಎಂದ ಭಾವ ಬಹಳ ವಿನಯದಿಂದ, "ಈ ಸಲ ಜಾನುವಾರು ಪುಸ್ತಕ ತಂದಿಲ್ವಾ?"

ನಾನು ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಈ ಮನೆಗೆ ಅನ್ನದ ದಾರಿ ಮಾಡಿಕೊಟ್ಟವರು ಆ ಪುಸ್ತಕಕ್ಕೆ ಸೇರಿದವರೇ, ಅದಕ್ಕೆ ದಾಖಲೆ ಇದೆ. ಹೋಗಿ ಮತ್ತೆ ಮಲಗಿದೆ.